ಆಕಾಶವಾಣಿಯ ಗೋಪಾಲಸ್ವಾಮಿ ಮತ್ತು ‘ಎಷ್ಟು ಸಲ’ ಎಂಬ ಪ್ರಶ್ನೆ



ಹಳ್ಳಿಮೈಸೂರು, ಹೊಳೆನರಸೀಪುರ, ಅರಕಲಗೂಡಿನ ಕಡೆ ರೇಡಿಯೋ ಕೇಳಿ ಬೆಳೆದ ನಿಮಗೆ ತರಂಗಾಂತರ, ಕಂಪನಾಂಕ ಎಂಬ ಮಾತುಗಳು ಹೊಸವಲ್ಲ. ಸುದ್ದಿಗೋ ಕೃಷಿರಂಗಕ್ಕೋ ಕಾಯುತ್ತ ಕುಳಿತವರು ಅವುಗಳ ಅರ್ಥವನ್ನು ವಿಚಾರಿಸುವುದು ಕಡಿಮೆ. ಇಂಗ್ಲಿಷಿನವರು ‘ಫ್ರೀಕ್ವೆನ್ಸಿ’ ಎಂಬ ಒಂದೇ ಪದದಲ್ಲಿ ಮುಗಿಸುವುದನ್ನು ನಾವು ಆವರ್ತನ, ಆವೃತ್ತಿ, ಕಂಪನಾಂಕ ಎಂದು ಹಂಚಿಕೊಂಡಿದ್ದೇವೆ. ಈ ಪದದ ಎರಡು ಅರ್ಥಗಳ ನಡುವೆ ಬಾಳಿದವರೊಬ್ಬರು ನಮ್ಮ ಮೈಸೂರಿನಲ್ಲೇ ಇದ್ದರು. ಅವರೇ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿ.

ಗೋಪಾಲಸ್ವಾಮಿಯವರು ಹುಟ್ಟಿದ್ದು 1896ರಲ್ಲಿ. ಲಂಡನ್ನಿಗೆ ಹೋಗಿ, ಬುದ್ಧಿಶಕ್ತಿಯನ್ನು ಲೆಕ್ಕದ ಮೂಲಕ ಅಳೆಯುವುದರಲ್ಲಿ ಹೆಸರಾಗಿದ್ದ ಸ್ಪಿಯರ್‌ಮನ್ ಅವರ ಬಳಿ ಮನಃಶಾಸ್ತ್ರ ಕಲಿತರು. 1924ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರ ವಿಭಾಗ ಆರಂಭವಾದಾಗ ಅದನ್ನು ಕಟ್ಟಿದವರು ಇವರೇ. ಮುಂದೆ ಅದೇ ಕಾಲೇಜಿನ ಪ್ರಿನ್ಸಿಪಾಲರೂ ಆದರು.

ಬುದ್ಧಿ ಅಳೆಯುವವರಿಗೆ ಆವೃತ್ತಿ ದಿನನಿತ್ಯದ ಉಪಕರಣ. ನಲವತ್ತು ಮಕ್ಕಳಿಗೆ ಒಂದು ಪರೀಕ್ಷೆ ಕೊಟ್ಟಿರೆಂದುಕೊಳ್ಳಿ. ಏಳು ಮಕ್ಕಳಿಗೆ ಹನ್ನೆರಡು ಅಂಕ ಬಂದರೆ, ಹನ್ನೆರಡು ಎಂಬ ಅಂಕದ ಆವೃತ್ತಿ ಏಳು. ಹೀಗೆ ಎಣಿಸಿ ಪಟ್ಟಿ ಮಾಡಿದಾಗ ಹೆಚ್ಚಿನ ಮಕ್ಕಳು ಎಲ್ಲಿ ನಿಂತಿದ್ದಾರೆ, ಯಾರು ಹಿಂದೆ ಉಳಿದಿದ್ದಾರೆ ಎಂಬುದು ತಿಳಿಯುತ್ತದೆ. ನಿಮ್ಮ ಮಕ್ಕಳ ಗಣಿತದ ಪುಸ್ತಕದಲ್ಲೂ ಈ ಪಟ್ಟಿ ಇದೆ, ತೆರೆದು ನೋಡಿ.

ಅವರು ಹಚ್ಚಿಕೊಂಡ ಎರಡನೆಯ ಅರ್ಥ ರೇಡಿಯೋದ್ದು. ಜರ್ಮನಿಯ ಹೈನ್ರಿಕ್ ಹರ್ಟ್ಜ್ 1888ರ ಸುಮಾರಿಗೆ ವಿದ್ಯುತ್ಕಾಂತ ಅಲೆಗಳನ್ನು ಪ್ರಯೋಗದಿಂದ ತೋರಿಸಿಕೊಟ್ಟು, 1894ರಲ್ಲಿ ಕೇವಲ ಮೂವತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದರು. ಆ ಅಲೆಗಳ ಮೇಲೆ ಮಾತನ್ನು ಕಳುಹಿಸುವ ವಿದ್ಯೆ ಬೇಗನೆ ಲೋಕವನ್ನೆಲ್ಲ ಮುಟ್ಟಿತು. 1931ರ ಫೆಬ್ರವರಿ 12ರಂದು ಹನ್ನೊಂದನೆಯ ಪಯಸ್ ಜಗದ್ಗುರುಗಳು, ಮಾರ್ಕೋನಿ ಕಟ್ಟಿಕೊಟ್ಟ ವ್ಯಾಟಿಕನ್ ರೇಡಿಯೋವನ್ನು ಉದ್ಘಾಟಿಸಿದರು. ನಾಲ್ಕು ವರ್ಷಗಳ ಬಳಿಕ, 1935ರ ಸೆಪ್ಟೆಂಬರ್ 10ರಂದು, ಗೋಪಾಲಸ್ವಾಮಿಯವರು ತಮ್ಮ ‘ವಿಠಲ ವಿಹಾರ’ ಎಂಬ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ಪ್ರೇಷಕದ ಶಕ್ತಿ ಬರೀ 30 ವ್ಯಾಟ್, ಒಂದು ಸಣ್ಣ ಬಲ್ಬಿನಷ್ಟು! ಮುಂದೆ 250 ವ್ಯಾಟಿನದು ಬಂತು. ಆ ಕೇಂದ್ರಕ್ಕೆ ಸಂದ ಹೆಸರು ‘ಆಕಾಶವಾಣಿ’.

ರೇಡಿಯೋದಲ್ಲಿ ಫ್ರೀಕ್ವೆನ್ಸಿ ಎಂದರೆ ಅಲೆ ಒಂದು ಸೆಕೆಂಡಿನಲ್ಲಿ ಎಷ್ಟು ಸಲ ಏರಿಳಿಯುತ್ತದೆ ಎಂಬ ಲೆಕ್ಕ. ಅದೇ ಕಂಪನಾಂಕ. ತರಂಗಾಂತರ ಬೇರೆ, ಅದು ಒಂದು ಅಲೆಯ ಉದ್ದ. ಅಲೆ ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರ್ ಓಡುವುದರಿಂದ, ಕಂಪನಾಂಕ ಹೆಚ್ಚಿದಂತೆ ತರಂಗಾಂತರ ಕುಗ್ಗುತ್ತದೆ. ಸೆಕೆಂಡಿಗೆ ಹತ್ತು ಲಕ್ಷ ಸಲ ಏರಿಳಿಯುವ ಅಲೆಯ ಉದ್ದ 300 ಮೀಟರ್. ಹತ್ತು ಕೋಟಿ ಸಲವಾದರೆ ಮೂರೇ ಮೀಟರ್. ಗೋಪಾಲಸ್ವಾಮಿಯವರ ದಿನಗಳಲ್ಲಿ ಇದನ್ನು ಕಿಲೋಸೈಕಲ್ ಎಂದು ಎಣಿಸುವ ರೂಢಿಯಿತ್ತು. ಈಗ ಅಳತೆಗೆ ಹರ್ಟ್ಜ್ ಅವರದೇ ಹೆಸರು.

ಮನೆಯಿಂದ ಕೇಂದ್ರ ನಡೆಸುವುದು ಸುಲಭವಾಗಿರಲಿಲ್ಲ. 1940ರ ದಶಕದಲ್ಲಿ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು. 1950ರಲ್ಲಿ ಅದು ಭಾರತ ಸರ್ಕಾರದ ಕೈ ಸೇರಿತು. 1955ರಲ್ಲಿ ಬೆಂಗಳೂರಿಗೆ ಹೋಯಿತು. ಅದೇ ದಶಕದಲ್ಲಿ ಇಡೀ ದೇಶದ ಬಾನುಲಿಗೆ ‘ಆಕಾಶವಾಣಿ’ ಎಂಬ ಹೆಸರು ಅಧಿಕೃತವಾಯಿತು. 1957ರಲ್ಲಿ ಗೋಪಾಲಸ್ವಾಮಿಯವರು ಕಾಲವಾದರು. ಅವರು ಅಂದು ತಮ್ಮ ಮನೆಯಿಂದ ಮಾಡಿದ್ದು ಇಂದು ನಮ್ಮ ಎಲ್ಲರ ಮನೆಗಳನ್ನು ಮುಟ್ಟಿದೆ.

ಇನ್ನು ಸ್ವಲ್ಪ ವಿಚಾರ ಮಾಡೋಣ. ಸಂಗೀತದಲ್ಲಿ ಆವರ್ತನವೆಂದರೆ ತಾಳದ ಒಂದು ಪೂರ್ಣ ಸುತ್ತು. ಪುಸ್ತಕದ ಆವೃತ್ತಿಯೆಂದರೆ ಅದು ಮುದ್ರಣಗೊಂಡ ಸರದಿ. ಬಸ್ಸಿಗೆ ಕಾಯುವವರಿಗೆ ಫ್ರೀಕ್ವೆನ್ಸಿಯೆಂದರೆ ಗಂಟೆಗೆ ಎಷ್ಟು ಬಸ್ಸು ಎಂಬುದು. ಅರ್ಥಗಳು ಬೇರೆಯಾದರೂ ನಂಟು ಕಡಿದಿಲ್ಲ. ಎಲ್ಲದರಲ್ಲೂ ಏನೋ ಒಂದು ಮರಳಿ ಬರುತ್ತದೆ. ಎಣಿಸುವಾಗ ಮಾತ್ರ ಎರಡು ಪ್ರಶ್ನೆ ಕೇಳಲೇಬೇಕು: ಎಷ್ಟು ಸಲ? ಎಷ್ಟರೊಳಗೆ? ಸೆಕೆಂಡಿಗೋ, ನಲವತ್ತು ಮಕ್ಕಳಲ್ಲೋ, ಗಂಟೆಗೋ ಎಂದು ಹೇಳದಿದ್ದರೆ ಬರೀ ಸಂಖ್ಯೆಗೆ ಅರ್ಥವಿಲ್ಲ.

ನಮ್ಮ ಧರ್ಮಸಭೆಯೂ ಈ ಪ್ರಶ್ನೆಯನ್ನು ಎದುರಿಸಿದೆ. ಭಕ್ತರು ಪರಮಪ್ರಸಾದವನ್ನು ಅಪರೂಪಕ್ಕೆ ಮಾತ್ರ ಸ್ವೀಕರಿಸುತ್ತಿದ್ದ ಕಾಲವೊಂದಿತ್ತು. ನಾವು ಯೋಗ್ಯರಲ್ಲ ಎಂಬ ಅಂಜಿಕೆ ಹಲವರನ್ನು ದೂರವಿಟ್ಟಿತ್ತು. ಹತ್ತನೆಯ ಪಯಸ್ ಜಗದ್ಗುರುಗಳ ಕಾಲದಲ್ಲಿ, 1905ರ ಡಿಸೆಂಬರ್ 20ರಂದು ಹೊರಟ ಆಜ್ಞಾಪತ್ರ ಆ ಅಂಜಿಕೆಯನ್ನು ತೆಗೆಯಿತು. ಮೇಲಿಂದ ಮೇಲೆ, ಪ್ರತಿದಿನವೂ ಸ್ವೀಕರಿಸಬಹುದು ಎಂದಿತು. ಆದರೆ ಗಂಡಾಂತರದ ಪಾಪದಿಂದ ದೂರವಿರಬೇಕು, ಉದ್ದೇಶ ಶುದ್ಧವಾಗಿರಬೇಕು. ಬರೀ ರೂಢಿಗಾಗಿ, ನಾಲ್ಕು ಜನ ನೋಡಲೆಂದು ಬರಬಾರದು ಎಂದೂ ಹೇಳಿತು. ‘ಎಷ್ಟು ಸಲ’ ಎಂಬುದರ ಜೊತೆಗೆ ‘ಯಾವ ಮನಸ್ಸಿನಿಂದ’ ಎಂಬುದನ್ನೂ ಸೇರಿಸಿತು.

ಈ ಪ್ರಶ್ನೆಗಳನ್ನು ನಿಮ್ಮ ಕುಟುಂಬಕ್ಕೂ ಹಾಕಿಕೊಳ್ಳಿ. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಊರಿನ ಅಪ್ಪ ಅಮ್ಮನಿಗೆ ಎಂಟು ದಿನಕ್ಕೊಮ್ಮೆ ಫೋನು ಮಾಡುತ್ತಾನೆ. ಒಳ್ಳೆಯದೇ. ಆದರೆ ಅತ್ತ ಮಾತು ಮುಗಿಯುವ ಮೊದಲೇ ಇತ್ತ ಇಟ್ಟುಬಿಟ್ಟರೆ? ಇನ್ನೊಬ್ಬನಿಗೆ ಪ್ರೀತಿ ಬೇಕಾದಷ್ಟಿದೆ, ವರ್ಷಕ್ಕೊಂದು ಹಬ್ಬಕ್ಕೆ ಮಾತ್ರ ಬರುತ್ತಾನೆ. ಕಾಯುವ ಮುದುಕರಿಗೆ ಒಂದು ವರ್ಷ ಎಷ್ಟು ಉದ್ದ! ಸಂಜೆ ಜಪಸರ ಹೇಳುವಾಗ ನಮೋ ಮರಿಯ ಐವತ್ತು ಸಲಕ್ಕೂ ಮಿಕ್ಕಿ ಬಾಯಲ್ಲಿ ಬರುತ್ತದೆ. ಮನಸ್ಸೂ ಕೆಲವು ಸಲವಾದರೂ ಬರಲಿ.

ಕೇಂದ್ರ ಎಷ್ಟೇ ಪ್ರಸಾರ ಮಾಡಲಿ, ಮನೆಯ ರೇಡಿಯೋದ ಮುಳ್ಳು ಅದೇ ಕಂಪನಾಂಕಕ್ಕೆ ತಿರುಗದಿದ್ದರೆ ಕೇಳುವುದು ಬರೀ ಗರಗರ ಸದ್ದು. ಈ ವಾರ ಒಂದು ಸಂಜೆ ಟಿ.ವಿ. ಆರಿಸಿ, ಮನೆಯವರೆಲ್ಲ ಅರ್ಧ ಗಂಟೆ ಒಟ್ಟಿಗೆ ಕುಳಿತು, ಒಬ್ಬರ ಮಾತನ್ನು ಇನ್ನೊಬ್ಬರು ಪೂರ್ತಿ ಕೇಳಿ. ಮುಂದಿನ ವಾರವೂ ಹಾಗೆಯೇ ಮಾಡಿ.