ಕಟ್ಟುವ ಬಗೆ ಬಲ್ಲ ಎಂಜಿನಿಯರ್: ಸರ್ ಎಂ. ವಿಶ್ವೇಶ್ವರಯ್ಯ

ಗುರುಮಠಕಲ್‌ನ ಎಂಟನೆಯ ತರಗತಿಗೆ ಸರ್ ಎಂ. ವಿಶ್ವೇಶ್ವರಯ್ಯನವರ ಜೀವನವನ್ನು ಬೋಧಿಸಲು ಪಾಠಯೋಜನೆ ಬರೆಯುವಾಗ ನಾನು ಪದವಿ, ಪ್ರಶಸ್ತಿಗಳ ಪಟ್ಟಿಯನ್ನು ಬದಿಗಿಟ್ಟೆ. ಇಲ್ಲಿನ ಹಲವು ಮಕ್ಕಳ ತಂದೆತಾಯಿ ಕಟ್ಟಡ ಕೆಲಸಕ್ಕೆ ಹೈದರಾಬಾದು, ಬೆಂಗಳೂರಿಗೆ ಗುಳೆ ಹೋಗುವವರು. ಆದ್ದರಿಂದ, ನಕ್ಷೆ ಬರೆಯುವಾಗಲೇ ಕಟ್ಟುವ ಬಗೆಯನ್ನೂ ಯೋಚಿಸಿದ ಎಂಜಿನಿಯರಾಗಿ ಅವರನ್ನು ಪರಿಚಯಿಸಿದೆ.

ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಅವರು ಪುಣೆಯಲ್ಲಿ ಎಂಜಿನಿಯರಿಂಗ್ ಓದಿ, 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆ ಸೇರಿದರು. ಪುಣೆ ಬಳಿಯ ಖಡಕವಾಸ್ಲಾ ಜಲಾಶಯದಲ್ಲಿ ಹೆಚ್ಚು ನೀರು ನಿಲ್ಲಿಸಬೇಕಾದಾಗ, ಹಳೆಯ ಅಣೆಕಟ್ಟನ್ನು ಎತ್ತರಿಸುವ ಬದಲು ಕೋಡಿಯ ಮೇಲೆ ಸ್ವಯಂಚಾಲಿತ ಬಾಗಿಲುಗಳನ್ನು ಕೂರಿಸಿದರು. 1903ರಲ್ಲಿ ಅಳವಡಿಸಿದ ಆ ಬಾಗಿಲುಗಳು ನೆರೆ ಏರಿದಾಗ ತಾವೇ ತೆರೆದು, ಇಳಿದಾಗ ತಾವೇ ಮುಚ್ಚುತ್ತಿದ್ದವು.

1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಹೈದರಾಬಾದನ್ನು ಮುಳುಗಿಸಿತು. ಗುರುಮಠಕಲ್ ಆಗ ನಿಜಾಮರ ರಾಜ್ಯದಲ್ಲಿತ್ತು. ಮರುವರ್ಷ ಅಲ್ಲಿಗೆ ಹೋದ ವಿಶ್ವೇಶ್ವರಯ್ಯನವರು ನಗರದ ಮೇಲ್ಭಾಗದಲ್ಲೇ ಮೂಸಿ, ಈಸಿ ನದಿಗಳಿಗೆ ಜಲಾಶಯ ಕಟ್ಟಿ ನೆರೆ ತಡೆಯಲು ಸೂಚಿಸಿದರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಅದರ ಫಲ.

1909ರ ಕೊನೆಗೆ ಅವರು ಮೈಸೂರಿನ ಮುಖ್ಯ ಎಂಜಿನಿಯರಾದರು. 1911ರಲ್ಲಿ ಕೃಷ್ಣರಾಜಸಾಗರದ ಕೆಲಸ ಶುರುವಾಯಿತು. ಸಿಮೆಂಟು ಆಗ ಹೊರದೇಶದಿಂದ ಬರುವ ದುಬಾರಿ ಸರಕು. ಸುಟ್ಟ ಇಟ್ಟಿಗೆಯ ಪುಡಿಗೆ ಸುಣ್ಣ ಬೆರೆಸಿದ ಸುರ್ಕಿ ಗಾರೆಯಿಂದಲೇ ಕಲ್ಲು ಕಟ್ಟಲಾಯಿತು. ಮದ್ರಾಸು ಸರ್ಕಾರದ ಆಕ್ಷೇಪದಿಂದಾಗಿ ಮೊದಲು 11 ಟಿ.ಎಂ.ಸಿ. ನೀರಿಗಷ್ಟೇ ಒಪ್ಪಿಗೆ ಇತ್ತು. ಆದರೂ ಬುನಾದಿಯನ್ನು ಪೂರ್ಣ ಎತ್ತರಕ್ಕೆ ತಕ್ಕಷ್ಟು ಅಗಲವಾಗಿ ಹಾಕಿಸಿದರು. 1924ರ ಒಪ್ಪಂದದ ನಂತರ ಅಣೆಕಟ್ಟನ್ನು ಎತ್ತರಿಸಲು ಕೆಳಗೆ ಅಗೆಯಬೇಕಾಗಲಿಲ್ಲ.

ಮೊದಲೇ ಅಗಲ ಬುನಾದಿ ಏಕೆ ಎಂದು ತರಗತಿಯಲ್ಲಿ ಕೇಳಿದೆ. ಗೌಂಡಿಯೊಬ್ಬರ ಮಗ ಎದ್ದು, ಮುಂದೆ ಮಾಳಿಗೆ ಏರಿಸುವವರು ಈಗಲೇ ಪಾಯ ಗಟ್ಟಿ ಮಾಡಿ, ಕಂಬದ ಕಬ್ಬಿಣವನ್ನು ಮೇಲಕ್ಕೆ ಬಿಟ್ಟಿರುತ್ತಾರೆ ಎಂದು ವಿವರಿಸಿದ. ಅಂದಿನ ಪಾಠದಲ್ಲಿ ಅವನ ಅಪ್ಪನ ಕಸುಬೂ ವಿದ್ಯೆಯೇ ಆಯಿತು.

1912ರಿಂದ 1918ರವರೆಗೆ ದಿವಾನರಾಗಿದ್ದ ವಿಶ್ವೇಶ್ವರಯ್ಯನವರು 1955ರಲ್ಲಿ ಭಾರತರತ್ನ ಪಡೆದು, 1962ರಲ್ಲಿ ತೀರಿಕೊಂಡರು. ಪ್ರಶಿಕ್ಷಣಾರ್ಥಿಗಳಾದ ನಮ್ಮ ಪಾಠಯೋಜನೆಗೂ ಅವರ ಕ್ರಮ ಸಲ್ಲುತ್ತದೆ. ಉದ್ದೇಶ ಬರೆಯುವ ಮೊದಲು, ಮಕ್ಕಳಿಗೆ ಈಗಾಗಲೇ ಏನು ಗೊತ್ತಿದೆ, ಕೈಯಲ್ಲಿ ಯಾವ ಸಾಮಗ್ರಿ ಇದೆ ಎಂದು ತಿಳಿದುಕೊಳ್ಳಬೇಕು.