ಸೆವಿಲ್‌ನ ಅರಮನೆಯಲ್ಲಿ ಅರಬ್ಬಿ ಬರೆಸಿದ ಕ್ರೈಸ್ತ ದೊರೆ

ಮಕ್ಕಳೇ, ಸ್ಪೇನ್ ದೇಶದ ಸೆವಿಲ್ ನಗರದಲ್ಲಿ ಅಲ್ಕಾಸರ್ ಎಂಬ ಅರಮನೆಯಿದೆ. 1987ರಿಂದ ಅದು ಯುನೆಸ್ಕೊ ವಿಶ್ವ ಪರಂಪರೆಯ ತಾಣ. ಸ್ಪೇನಿನ ರಾಜಕುಟುಂಬ ಸೆವಿಲ್‌ಗೆ ಬಂದರೆ ಇಂದಿಗೂ ಅದರ ಮೇಲಂತಸ್ತಿನಲ್ಲೇ ಉಳಿದುಕೊಳ್ಳುತ್ತದೆ. ಒಳಗೆ ಹೋದವರಿಗೆ ಮೊದಲು ಕಾಣುವುದು ಜಾಲರಿಯಂಥ ಗಾರೆ ಕೆತ್ತನೆ, ಹಲವು ಎಸಳುಗಳ ಕಮಾನು, ಬಣ್ಣದ ಹೆಂಚಿನ ಗೋಡೆ, ಅಂಗಳದ ನಡುವೆ ನೀರಿನ ಕೊಳ. ಇದನ್ನೆಲ್ಲ ಮುಸ್ಲಿಂ ಅರಸರು ಕಟ್ಟಿದರು, ಕ್ರೈಸ್ತರು ಗೆದ್ದು ವಶಪಡಿಸಿಕೊಂಡರು ಎಂದು ಬಹಳ ಜನ ತಿಳಿದಿದ್ದಾರೆ. ಆ ಜಾಗದಲ್ಲಿ ಮುಸ್ಲಿಂ ಅರಸರ ಅರಮನೆಗಳಿದ್ದದ್ದು ನಿಜ. ಅಲ್ಮೊಹದ್ ವಂಶದವರ ಕಾಲದ ಒಂದು ಪುಟ್ಟ ಅಂಗಳ ಈಗಲೂ ಉಳಿದಿದೆ. ಆದರೆ ನಾವು ಬೆರಗಾಗಿ ನೋಡುವ ಮುಖ್ಯ ಅರಮನೆಯನ್ನು ಹೊಸದಾಗಿ ಕಟ್ಟಿಸಿದವನು ಕ್ಯಾಸ್ಟೀಲ್ ರಾಜ್ಯದ ಕ್ರೈಸ್ತ ದೊರೆ ಒಂದನೆಯ ಪೆಡ್ರೊ. ಅವನು ಆ ಶೈಲಿಯನ್ನು ತಾನೇ ಆರಿಸಿಕೊಂಡ ಎಂಬುದು ನನ್ನ ವಾದ.

ಸಾಕ್ಷಿ ಅರಮನೆಯ ಮುಂಬಾಗಿಲಲ್ಲೇ ಇದೆ. ಅಲ್ಲಿ ಗೋಥಿಕ್ ಅಕ್ಷರಗಳಲ್ಲಿ ಒಂದು ಶಾಸನವಿದೆ: ದೊರೆ ಪೆಡ್ರೊ ಇದನ್ನು ಕಟ್ಟಿಸಿದ ಎಂದು ಹೇಳಿ, ನಮ್ಮ ಲೆಕ್ಕದ 1364ಕ್ಕೆ ಸರಿಹೊಂದುವ ವರ್ಷವನ್ನು ಅದು ಕೊಡುತ್ತದೆ. ಅದೇ ಚೌಕಟ್ಟಿನ ನಡುವೆ ಹೆಂಚಿನಲ್ಲಿ ಅರಬ್ಬಿ ಬರಹ: ದೇವರಲ್ಲದೆ ಬೇರೆ ವಿಜಯಿ ಇಲ್ಲ. ಇದು ಗ್ರಾನಡಾದ ಮುಸ್ಲಿಂ ಸುಲ್ತಾನರ ಧ್ಯೇಯವಾಕ್ಯ! ಕ್ರೈಸ್ತ ದೊರೆ ತನ್ನ ಹೆಸರಿನ ಮಗ್ಗುಲಲ್ಲೇ ಅದಕ್ಕೆ ಜಾಗ ಕೊಟ್ಟಿದ್ದಾನೆ. ಒಳಗಿನ ಗೋಡೆಗಳಲ್ಲಿ ಪೆಡ್ರೊನನ್ನೇ ಸುಲ್ತಾನ ಎಂದು ಹೊಗಳುವ ಅರಬ್ಬಿ ಸಾಲುಗಳಿವೆ. ರಾಯಭಾರಿಗಳ ಸಭಾಂಗಣದ ಭಾರಿ ಮರದ ಬಾಗಿಲುಗಳು 1366ರವು, ಟೊಲೆಡೊ ನಗರದ ಬಡಗಿಗಳ ಕೆಲಸ. ಅವುಗಳ ಒಂದು ಮುಖದಲ್ಲಿ ಅರಬ್ಬಿ ಬರಹವಿದೆ, ಇನ್ನೊಂದು ಮುಖದಲ್ಲಿ ಬೈಬಲಿನ ಮಾತುಗಳಿವೆ. ಗ್ರಾನಡಾದ ಸುಲ್ತಾನ ಐದನೆಯ ಮುಹಮ್ಮದ್ ಪೆಡ್ರೊನ ಮಿತ್ರ. ಕಳೆದುಕೊಂಡಿದ್ದ ಸಿಂಹಾಸನವನ್ನು 1362ರಲ್ಲಿ ಅವನು ಮರಳಿ ಪಡೆದದ್ದು ಪೆಡ್ರೊನ ನೆರವಿನಿಂದ. ಗ್ರಾನಡಾದ ಅಲ್‌ಹಂಬ್ರಾ ಅರಮನೆಯ ಸಿಂಹಗಳ ಅಂಗಳ ಕಟ್ಟಿಸಿದವನೂ ಈ ಮುಹಮ್ಮದನೇ. ಇಬ್ಬರು ಅರಸರೂ ಒಂದೇ ಕಾಲದಲ್ಲಿ, ಒಂದೇ ಬಗೆಯ ಕುಶಲಕರ್ಮಿಗಳ ಕೈಯಲ್ಲಿ ಕಟ್ಟಿಸುತ್ತಿದ್ದರು.

ಇದಕ್ಕೆ ಆಕ್ಷೇಪಗಳುಂಟು. ಗೆದ್ದವರು ಸೋತವರ ಕಲೆಯನ್ನು ವಿಜಯದ ಗುರುತಾಗಿ ಮೆರೆಸಿದ್ದಷ್ಟೇ ಅಲ್ಲವೇ ಎಂದು ಕೇಳಬಹುದು. ಆದರೆ ಕ್ರೈಸ್ತರು ಸೆವಿಲ್ ಗೆದ್ದದ್ದು 1248ರಲ್ಲಿ, ಪೆಡ್ರೊ ಕಟ್ಟಿಸಿದ್ದು ಅದಾಗಿ ನೂರಕ್ಕೂ ಹೆಚ್ಚು ವರ್ಷಗಳ ಮೇಲೆ. ಅಷ್ಟು ಹಳೆಯ ಗೆಲುವನ್ನು ಸಾರಲು ಇಷ್ಟು ನಾಜೂಕಿನ ಮನೆ ಬೇಕಿರಲಿಲ್ಲ. ಬೇರೆ ಶೈಲಿ ಸಿಗಲಿಲ್ಲವೆನ್ನಲೂ ಆಗದು. ಅವನ ಮುತ್ತಜ್ಜನ ತಂದೆ ಹತ್ತನೆಯ ಅಲ್ಫೊನ್ಸೊ ಕಟ್ಟಿಸಿದ್ದ ಗೋಥಿಕ್ ಅರಮನೆ ಪಕ್ಕದಲ್ಲೇ ನಿಂತಿತ್ತು. ಅದನ್ನು ದಿನವೂ ನೋಡುತ್ತಿದ್ದವನು ತನಗೆಂದು ಬೇರೆಯದನ್ನು ಬಯಸಿದ. ಆ ನಾಡಿನಲ್ಲಿ ದೊರೆತನದ ಘನತೆ ಹೇಗಿರಬೇಕೆಂಬುದಕ್ಕೆ ಆಗ ಎರಡೂ ಧರ್ಮದವರು ಒಪ್ಪಿದ ರೂಪ ಅವನು ಆರಿಸಿಕೊಂಡ ಈ ಶೈಲಿಯೇ ಆಗಿತ್ತು. ನಮ್ಮ ಕಡೆಯೂ ಆ ಕಾಲಕ್ಕೇ ವಿಜಯನಗರದ ಅರಸರು ಹಿಂದೂರಾಯ ಸುರತ್ರಾಣ, ಅಂದರೆ ಹಿಂದೂ ರಾಯರಲ್ಲಿ ಸುಲ್ತಾನ, ಎಂಬ ಬಿರುದು ಧರಿಸಿದ್ದರು. ಮುಂದೆ ಹಂಪಿಯ ಕಮಲ ಮಹಲಿನಲ್ಲಿ ಎಸಳು ಕಮಾನುಗಳ ಮೇಲೆ ದೇವಾಲಯದ ಶಿಖರಗಳನ್ನು ನೆನಪಿಸುವ ಚಾವಣಿ ಎದ್ದಿತು.

ಎರಡನೆಯ ಆಕ್ಷೇಪ ಇದಕ್ಕಿಂತ ತೂಕದ್ದು. ಹಾಗಾದರೆ ಅಲ್ಲಿ ಎಲ್ಲರೂ ಸ್ನೇಹದಿಂದ ಬಾಳಿದರೇ? ಇಲ್ಲ. ಕ್ರೈಸ್ತರ ಆಳ್ವಿಕೆಯಲ್ಲಿ ಉಳಿದ ಮುಸ್ಲಿಮರನ್ನು ಮುದೇಹರ್ ಎನ್ನುತ್ತಿದ್ದರು, ಈ ಶೈಲಿಗೂ ಅವರದೇ ಹೆಸರು. 1502ರಲ್ಲಿ ಕ್ಯಾಸ್ಟೀಲ್ ರಾಜ್ಯ ಅವರಿಗೆ ಮತಾಂತರವಾಗಿ, ಇಲ್ಲವೇ ನಾಡು ಬಿಡಿ ಎಂದಿತು. 1609ರಿಂದ ಮತಾಂತರವಾದವರ ವಂಶದವರನ್ನೂ ಸ್ಪೇನಿನಿಂದ ಹೊರಹಾಕಲಾಯಿತು. ಈ ಎರಡರ ನಡುವೆ, 1526ರಲ್ಲಿ, ಚಕ್ರವರ್ತಿ ಐದನೆಯ ಚಾರ್ಲ್ಸ್ ಪೋರ್ಚುಗಲ್ಲಿನ ಇಸಾಬೆಲಳನ್ನು ಮದುವೆಯಾದದ್ದು ಇದೇ ಅಲ್ಕಾಸರ್‌ನಲ್ಲಿ. ಗೋಡೆಗಳು ಅರಸರಿಗೆ ಪ್ರಿಯವಾಗಿಯೇ ಉಳಿದವು, ಅವನ್ನು ಕೆತ್ತಿದವರ ಮಕ್ಕಳು ಮೊಮ್ಮಕ್ಕಳಿಗೆ ಮಾತ್ರ ಊರಿನಲ್ಲಿ ಜಾಗವಿರಲಿಲ್ಲ. ಇದು ಅನ್ಯಾಯ, ಅದನ್ನು ಮುಚ್ಚಿಟ್ಟು ಅರಮನೆಯ ಚೆಲುವನ್ನಷ್ಟೇ ಹೇಳುವುದು ತಪ್ಪು. ಹಾಗೆಂದು 1364ರ ಆಯ್ಕೆ ಸುಳ್ಳಾಗುವುದಿಲ್ಲ; ಜೊತೆಯಾಗಿ ಕಟ್ಟಲು ಸಾಧ್ಯವಿತ್ತು, ಮುಂದಿನವರು ಆ ದಾರಿ ಬಿಟ್ಟರು ಎಂದು ಅದೇ ತೋರಿಸುತ್ತದೆ.

ನೀವು ಯಾವಾಗಲಾದರೂ ಸೆವಿಲ್‌ಗೆ ಹೋದರೆ ತೋಟದ ಕಡೆಗೆ ಓಡುವ ಮುನ್ನ ಪೆಡ್ರೊನ ಮುಂಬಾಗಿಲ ಎದುರು ಸ್ವಲ್ಪ ಹೊತ್ತು ನಿಲ್ಲಿ. ಎರಡು ಲಿಪಿಗಳನ್ನೂ ಹುಡುಕಿ, ಯಾವುದು ಏನು ಹೇಳುತ್ತದೆಂದು ಜೊತೆಗಿರುವವರಿಗೆ ನೀವೇ ವಿವರಿಸಿ.