ಹೊಲಿಗೆ ಮೆಷಿನ್ ಮೇಲಿನ ಹೆಸರು: ಐಸಾಕ್ ಸಿಂಗರ್

ಹೊಲಿಗೆ ಮೆಷಿನ್ ಅಂದ್ರೆ ನಮ್ಮಲ್ಲಿ ಬಹಳ ಜನರಿಗೆ ನೆನಪಾಗೋದು ಅಜ್ಜಿ ಮನೆಯ ಕಪ್ಪು ಕಬ್ಬಿಣದ ಮೆಷಿನ್. ಅದರ ಮೇಲೆ ಬಂಗಾರದ ಬಣ್ಣದಲ್ಲಿ ಉಷಾ ಅಂತಲೋ, ಸಿಂಗರ್ ಅಂತಲೋ, ಮೆರಿಟ್ ಅಂತಲೋ ಬರೆದಿರುತ್ತೆ. ಸಿಂಗರ್ ಅಂದ್ರೆ ಹಾಡುವವನು ಅಂತ ಚಿಕ್ಕಂದಿನಲ್ಲಿ ನಂಬಿದ್ದವರು ನಮ್ಮ ಕ್ಲಾಸಲ್ಲೇ ಇದ್ದಾರೆ. ಅದು ಒಬ್ಬ ಮನುಷ್ಯನ ಹೆಸರು: ಐಸಾಕ್ ಮೆರಿಟ್ ಸಿಂಗರ್. ಮೆರಿಟ್ ಅನ್ನೋದೂ ಅವನದೇ ಹೆಸರಿನ ನಡುವಿನ ಭಾಗ.

ಈ ಹೆಸರಿನ ಹಿಂದೆ ನಾವು ಬೀಳೋಕೆ ಕಾರಣ ಒಂದು ಬ್ಯಾಗು. ಮಹದೇವಪುರದ ಪಿಜಿಯಲ್ಲಿರುವ ನಾವು ನಾಲ್ಕು ಜನ, ಈ ಸೆಮಿಸ್ಟರಿನ ಮಿನಿ ಪ್ರಾಜೆಕ್ಟ್‌ಗೆ ಒಳಗೆ ಫ್ರೇಮ್ ಇರುವ ಒಂದು ಟ್ರೆಕ್ಕಿಂಗ್ ಬ್ಯಾಗನ್ನ ನಾವೇ ಹೊಲಿಯೋದು ಅಂತ ತೀರ್ಮಾನ ಮಾಡಿದ್ವಿ. ಕುಮಾರ ಪರ್ವತಕ್ಕೆ ಹೊತ್ಕೊಂಡು ಹೋಗುವಷ್ಟು ಗಟ್ಟಿ ಇರಬೇಕು, ಅಷ್ಟೇ ಷರತ್ತು. ಫ್ರೇಮ್ ಅಂದ್ರೆ ದೊಡ್ಡದೇನಲ್ಲ. ಬೆನ್ನಿನ ಕಡೆ ಒಂದು ಗಟ್ಟಿ ಪ್ಲಾಸ್ಟಿಕ್ ಹಾಳೆ, ಅದರ ಜೊತೆ ಬೆನ್ನಿನ ಆಕಾರಕ್ಕೆ ಬಗ್ಗಿಸಿದ ಎರಡು ಅಲ್ಯೂಮಿನಿಯಂ ಪಟ್ಟಿ. ಭಾರವನ್ನ ಹೆಗಲಿಂದ ಸೊಂಟಕ್ಕೆ ಇಳಿಸೋದು ಅದರ ಕೆಲಸ. ಆದ್ರೆ ಪಟ್ಟಿಯನ್ನ ಹಿಡಿದಿಡೋದು ಬಟ್ಟೆಯ ಜೇಬು, ಜೇಬನ್ನ ಹಿಡಿದಿಡೋದು ಹೊಲಿಗೆ. ಬ್ಯಾಗಿನ ಭಾರದಲ್ಲಿ ಬಹುಪಾಲು ಕೊನೆಗೆ ಬಂದು ನಿಲ್ಲೋದು ಪಟ್ಟಿಯ ತುದಿ ಒತ್ತುವ ಒಂದೆರಡು ಇಂಚು ಹೊಲಿಗೆ ಮೇಲೆ. ಹಾಗಾಗಿ ಯಾವ ಮೆಷಿನ್‌ನಲ್ಲಿ ಹೊಲಿಯೋದು ಅನ್ನೋದೇ ನಮಗೆ ಮೊದಲ ಪ್ರಶ್ನೆ ಆಯ್ತು. ಮೆಷಿನ್ ಒಳಗೆ ಏನು ನಡೆಯುತ್ತೆ ಅಂತ ಓದುತ್ತಾ ಹೋದರೆ ಎದುರಿಗೆ ಸಿಕ್ಕಿದವನು ಸಿಂಗರ್.

ಸಿಂಗರ್ ಹುಟ್ಟಿದ್ದು 1811ರ ಅಕ್ಟೋಬರ್ 27ರಂದು, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಒಂದು ಸಣ್ಣ ಊರಲ್ಲಿ. ಅಪ್ಪ ಜರ್ಮನಿಯಿಂದ ವಲಸೆ ಬಂದವನು. ಹುಡುಗನಿಗೆ ಸುಮಾರು ಹತ್ತು ವರ್ಷ ಇರುವಾಗ ಅಪ್ಪ ಅಮ್ಮ ಬೇರೆಯಾದರು. ಹನ್ನೆರಡರ ಹೊತ್ತಿಗೆ ಮನೆ ಬಿಟ್ಟು ರಾಚೆಸ್ಟರ್‌ನಲ್ಲಿದ್ದ ಅಣ್ಣನ ಹತ್ತಿರ ಹೋದ. ಶಾಲೆ ಅಷ್ಟಕ್ಕಷ್ಟೇ. ನಮ್ಮ ವಯಸ್ಸಿಗೆ, ಅಂದ್ರೆ ಹತ್ತೊಂಬತ್ತಕ್ಕೆ, ಒಂದು ಮೆಷಿನ್ ಶಾಪಲ್ಲಿ ಕೆಲಸ ಕಲಿಯೋಕೆ ಸೇರಿದ. ಕೈಯಲ್ಲಿ ಕಸುಬು ಇತ್ತು, ಮನಸ್ಸು ಮಾತ್ರ ನಾಟಕದಲ್ಲಿತ್ತು. ಊರೂರು ಸುತ್ತುವ ಕಂಪನಿಗಳ ಜೊತೆ ನಟನಾಗಿ ಹೋಗಿಬಿಡುತ್ತಿದ್ದ. ನಮ್ಮ ಕಡೆ ಗುಬ್ಬಿ ಕಂಪನಿಯಂಥ ನಾಟಕ ಮಂಡಳಿಗಳು ಕ್ಯಾಂಪ್ ಹಾಕ್ತಿದ್ವಲ್ಲ, ಆ ಥರದ ಬದುಕು ಅಂದ್ಕೊಳ್ಳಿ. ದುಡ್ಡು ಮುಗಿದಾಗ ಮತ್ತೆ ಮೆಷಿನ್ ಶಾಪ್, ದುಡ್ಡು ಬಂದಾಗ ಮತ್ತೆ ನಾಟಕ.

1839ರಲ್ಲಿ, ಇಲಿನಾಯ್ ರಾಜ್ಯದಲ್ಲಿ ಕಾಲುವೆ ತೋಡುವ ಕೆಲಸದಲ್ಲಿದ್ದಾಗ, ಬಂಡೆ ಕೊರೆಯುವ ಒಂದು ಯಂತ್ರಕ್ಕೆ ಪೇಟೆಂಟ್ ತಗೊಂಡು 2,000 ಡಾಲರಿಗೆ ಮಾರಿದ. ಅಷ್ಟು ದುಡ್ಡು ಕೈಗೆ ಬಂದರೆ ನಾವಾದ್ರೆ ಏನು ಮಾಡ್ತಿದ್ವೋ ಗೊತ್ತಿಲ್ಲ, ಸಿಂಗರ್ ಸ್ವಂತ ನಾಟಕ ಕಂಪನಿ ಕಟ್ಟಿದ. ಅದು ಸುಮಾರು ಐದು ವರ್ಷ ನಡೆದು ಮುಳುಗಿತು. ಆಮೇಲೆ 1849ರಲ್ಲಿ ಮರದ ಅಚ್ಚಿನ ಅಕ್ಷರ ಕೆತ್ತುವ ಇನ್ನೊಂದು ಯಂತ್ರಕ್ಕೆ ಪೇಟೆಂಟ್ ಸಿಕ್ಕಿತು. ನ್ಯೂಯಾರ್ಕಿನಲ್ಲಿ ಅದನ್ನ ಇಟ್ಟಿದ್ದ ಕಾರ್ಖಾನೆಯ ಬಾಯ್ಲರ್ ಸಿಡಿದು ಯಂತ್ರ ನಾಶವಾಯ್ತು. ಜಾರ್ಜ್ ಝೀಬರ್ ಅನ್ನೋ ಪುಸ್ತಕ ಪ್ರಕಾಶಕ ದುಡ್ಡು ಹಾಕಿ ಮತ್ತೊಂದು ಮಾಡಿಸಿದ. ಅದನ್ನ ತಗೊಂಡು ಇಬ್ಬರೂ 1850ರಲ್ಲಿ ಬಾಸ್ಟನ್‌ಗೆ ಹೋಗಿ, ಆರ್ಸನ್ ಫೆಲ್ಪ್ಸ್ ಎಂಬುವನ ವರ್ಕ್‌ಶಾಪಲ್ಲಿ ಒಂದು ಜಾಗ ಬಾಡಿಗೆಗೆ ಹಿಡಿದರು. ಅಕ್ಷರ ಕೆತ್ತುವ ಯಂತ್ರ ಕೊಳ್ಳೋರು ಯಾರೂ ಬರಲಿಲ್ಲ. ಆದ್ರೆ ಅದೇ ವರ್ಕ್‌ಶಾಪಲ್ಲಿ ಫೆಲ್ಪ್ಸ್ ಬೇರೆಯವರು ರೂಪಿಸಿದ ಹೊಲಿಗೆ ಮೆಷಿನ್‌ಗಳನ್ನ ತಯಾರು ಮಾಡ್ತಿದ್ದ. ಅವು ಪದೇ ಪದೇ ಕೆಟ್ಟು ವಾಪಸ್ ಬರುತ್ತಿದ್ದವು. ಸಿಂಗರ್‌ಗೆ ಆಗ 38 ವರ್ಷ, ಜೇಬು ಖಾಲಿ.

ಇಲ್ಲಿ ಸ್ವಲ್ಪ ಮೆಕ್ಯಾನಿಕ್ಸ್. ಆ ಹಳೇ ಮೆಷಿನ್‌ನಲ್ಲಿ ಸೂಜಿ ಬಾಗಿತ್ತು, ಅಡ್ಡಡ್ಡ ಓಡಾಡುತ್ತಿತ್ತು. ಕೆಳದಾರ ಒಯ್ಯುವ ಶಟಲ್ ವೃತ್ತಾಕಾರದಲ್ಲಿ ಸುತ್ತುತ್ತಿತ್ತು. ಪ್ರತಿ ಸುತ್ತಿಗೂ ದಾರದ ಹುರಿ ಬಿಚ್ಚಿ, ದಾರ ತುಂಡಾಗುತ್ತಿತ್ತು. ಸಿಂಗರ್ ನೋಡಿದ್ದು ಇದನ್ನೇ. ಶಟಲ್ ನೇರವಾಗಿ ಹಿಂದೆ ಮುಂದೆ ಹೋಗಲಿ, ಸೂಜಿ ನೆಟ್ಟಗಿದ್ದು ಮೇಲೆ ಕೆಳಗೆ ಆಡಲಿ, ಬಟ್ಟೆ ಮೇಜಿನ ಮೇಲೆ ಮಲಗಲಿ, ಮೇಲಿಂದ ಸ್ಪ್ರಿಂಗ್ ಇರುವ ಒಂದು ಪಾದ ಅದನ್ನ ಒತ್ತಿ ಹಿಡಿಯಲಿ ಅಂತ ಚಿತ್ರ ಬರೆದ. ಝೀಬರ್ 40 ಡಾಲರ್ ಕೊಟ್ಟ, ಫೆಲ್ಪ್ಸ್ ಜಾಗ ಮತ್ತು ಆಳು ಕೊಟ್ಟ. ಹನ್ನೊಂದು ದಿನದಲ್ಲಿ ಮೆಷಿನ್ ಎದ್ದು ನಿಂತಿತು ಅಂತ ಅವನ ಜೀವನ ಬರೆದವರು ಹೇಳ್ತಾರೆ.

ನಿಂತಿತು, ಆದ್ರೆ ಹೊಲಿಯಲಿಲ್ಲ. ಬಟ್ಟೆ ಮೇಲೆ ದಾರ ಸಡಿಲ ಸಡಿಲ ಕುಣಿಕೆಯಾಗಿ ಬಂತು. ಕೆಲಸದವರು ಬೇಸತ್ತು ಹೊರಟುಹೋದರು. ಸಿಂಗರ್ ಮತ್ತು ಝೀಬರ್ ನಡುರಾತ್ರಿ ರೂಮಿಗೆ ನಡೆದು ಹೋಗುತ್ತಾ ದಾರಿಯಲ್ಲಿ ಕೂತರಂತೆ. ಆ ಕುಣಿಕೆಗಳೆಲ್ಲಾ ಬಟ್ಟೆಯ ಮೇಲ್ಮೈಯಲ್ಲೇ ಇದ್ದವಲ್ಲಾ ಅನ್ನೋ ಮಾತು ಬಂತು. ಆಗ ಸಿಂಗರ್‌ಗೆ ಹೊಳೀತು: ದಾರದ ಟೆನ್ಷನ್ ಸರಿ ಮಾಡೋದನ್ನೇ ಮರೆತಿದ್ವಿ. ವಾಪಸ್ ಹೋಗಿ ಟೆನ್ಷನ್ ಬಿಗಿ ಮಾಡಿದ ಮೇಲೆ ಒಂದೇ ಸಮನೆ ಹೊಲಿಗೆ ಬಂತು. 1851ರ ಆಗಸ್ಟ್ 12ರಂದು 8,294ನೇ ನಂಬರಿನ ಅಮೆರಿಕನ್ ಪೇಟೆಂಟ್ ಅವನ ಹೆಸರಿಗಾಯ್ತು.

ನಮ್ಮ ಬ್ಯಾಗಿಗೆ ಮೆಷಿನ್ ಆರಿಸುವಾಗ ಸಹಾಯಕ್ಕೆ ಬಂದಿದ್ದೂ ಇದೇ ಟೆನ್ಷನ್ ಪಾಠ. ಲಾಕ್‌ಸ್ಟಿಚ್‌ನಲ್ಲಿ ಮೇಲಿನ ದಾರ, ಕೆಳಗಿನ ಬಾಬಿನ್ ದಾರ ಎರಡೂ ಬಟ್ಟೆಯ ದಪ್ಪದ ಮಧ್ಯದಲ್ಲಿ ಒಂದಕ್ಕೊಂದು ಕೊಂಡಿ ಹಾಕ್ಕೊಬೇಕು. ಶರ್ಟ್ ಬಟ್ಟೆಗೆ ಇದು ಸುಲಭ. ದಪ್ಪ ನೈಲಾನ್ ಬಟ್ಟೆ ಎರಡು ಪದರ, ಮೇಲೆ ಪಟ್ಟಿ ಎರಡು ಪದರ ಬಂದಾಗ ಕೊಂಡಿ ಒಳಗೆ ಹೋಗಲ್ಲ, ಕೆಳಗೇ ಉಳಿಯುತ್ತೆ. ಪಿಜಿ ಪಕ್ಕದ ರಸ್ತೆಯಲ್ಲಿ ಆಲ್ಟರೇಷನ್ ಅಂಗಡಿ ಇಟ್ಟಿರುವ ಅಕ್ಕ ಒಬ್ಬರಿದ್ದಾರೆ, ಮುಂಚೆ ವರ್ಷಗಟ್ಟಲೆ ಗಾರ್ಮೆಂಟ್ಸ್‌ನಲ್ಲಿ ಇದ್ದವರು. ನಮ್ಮ ಸ್ಯಾಂಪಲ್ ಬಟ್ಟೆಯನ್ನ ಬೆರಳಲ್ಲಿ ಹಿಡಿದು ನೋಡಿಯೇ ಎಲ್ಲಾ ಹೇಳಿಬಿಟ್ರು. ಮನೆಬಳಕೆಯ ಹಗುರ ಪ್ಲಾಸ್ಟಿಕ್ ಮೆಷಿನ್‌ಗೆ ಡಿಸೈನ್ ಹೊಲಿಗೆ ಎಷ್ಟಿದ್ದರೂ ಈ ದಪ್ಪಕ್ಕೆ ಮೋಟಾರ್ ದಮ್ಮು ಸಾಲಲ್ಲ. ಗಾರ್ಮೆಂಟ್ಸ್‌ನ ಜೂಕಿ ಮೆಷಿನ್ ಶಕ್ತಿಯುಳ್ಳದ್ದು, ಆದ್ರೆ ಹೊಸಬರ ಕೈಯಲ್ಲಿ ಓಡಿಬಿಡುತ್ತೆ, ಪಿಜಿ ರೂಮಲ್ಲಿ ಅದರ ಟೇಬಲ್ ಹಿಡಿಸೋದೂ ಇಲ್ಲ. ಮೇಲಿನ ಪಾದವೂ ಬಟ್ಟೆ ಜೊತೆ ನಡೆಯುವ ವಾಕಿಂಗ್ ಫೂಟ್ ಮೆಷಿನ್ ಬ್ಯಾಗಿಗೆ ಎಲ್ಲಕ್ಕಿಂತ ಒಳ್ಳೇದು, ಪದರಗಳು ಜಾರಲ್ಲ, ಆದ್ರೆ ಒಂದು ಬ್ಯಾಗಿಗೋಸ್ಕರ ಅಷ್ಟು ದುಡ್ಡು ಹಾಕೋಕಾಗಲ್ಲ. ಉಳಿದಿದ್ದು ನೇರ ಹೊಲಿಗೆ ಮಾತ್ರ ಹಾಕುವ ಹಳೇ ಕಪ್ಪು ಕಬ್ಬಿಣದ್ದು. ದಪ್ಪ ಜಾಗ ಬಂದಾಗ ಕೈಚಕ್ರ ಹಿಡಿದು ಒಂದೊಂದೇ ಹೊಲಿಗೆ ಹಾಕಬಹುದು. ಶಿವಾಜಿನಗರದಲ್ಲಿ ಅಂಥದ್ದೊಂದು ಸೆಕೆಂಡ್ ಹ್ಯಾಂಡ್ ಸಿಕ್ಕಿತು.

ಸೂಜಿ 18ನೇ ನಂಬರು, ಬಾಂಡೆಡ್ ನೈಲಾನ್ ದಾರ ಟೆಕ್ಸ್ 70, ಅಂದ್ರೆ 1,000 ಮೀಟರ್ ದಾರ 70 ಗ್ರಾಂ ತೂಗುತ್ತೆ. ಹೊಲಿಗೆಯ ಉದ್ದ 3ರಿಂದ 4 ಮಿಲಿಮೀಟರ್. ಇನ್ನೂ ಚಿಕ್ಕದು ಹಾಕಿದ್ರೆ ಗಟ್ಟಿ ಅನ್ನಿಸುತ್ತೆ, ಆದ್ರೆ ಸೂಜಿ ತೂತು ಹತ್ತಿರ ಹತ್ತಿರ ಬಿದ್ದು ಬಟ್ಟೆ ಅಂಚೆಚೀಟಿ ಹಾಳೆಯ ಹಾಗೆ ಅಲ್ಲೇ ಹರಿಯುತ್ತೆ. ಪಟ್ಟಿಯ ತುದಿ ಕೂರುವ ಕಡೆ ಬಟ್ಟೆಗೆ ಇನ್ನೊಂದು ಪದರ ಕೊಟ್ಟು, ಚೌಕ ಹೊಲಿದು, ಅದರೊಳಗೆ ಮೂಲೆಯಿಂದ ಮೂಲೆಗೆ ಅಡ್ಡ ಹೊಲಿಗೆ. ಇಷ್ಟೂ ಅಕ್ಕನ ಲೆಕ್ಕ.

ಮತ್ತೆ ಸಿಂಗರ್ ಕತೆಗೆ. ಪೇಟೆಂಟ್ ಅವನದಾಯ್ತು ನಿಜ, ಆದ್ರೆ ಹೊಲಿಗೆ ಮೆಷಿನ್ ಅವನಿಗಿಂತ ಮುಂಚೆಯೇ ಇತ್ತು. ಫ್ರಾನ್ಸಿನ ದರ್ಜಿ ಬಾರ್ತೆಲೆಮಿ ತಿಮೋನಿಯೆ 1830ರಲ್ಲೇ ಪೇಟೆಂಟ್ ಪಡೆದು, ಪ್ಯಾರಿಸ್ಸಿನಲ್ಲಿ ಸೈನಿಕರ ಸಮವಸ್ತ್ರ ಹೊಲಿಯುವ ಸುಮಾರು 80 ಮೆಷಿನ್ ಹಾಕಿದ್ದ. ಹೊಟ್ಟೆಪಾಡು ಹೋಗುತ್ತೆ ಅಂತ ಹೆದರಿದ ದರ್ಜಿಗಳು ನುಗ್ಗಿ ಅವನ್ನ ಒಡೆದುಹಾಕಿದರು. ನ್ಯೂಯಾರ್ಕಿನ ವಾಲ್ಟರ್ ಹಂಟ್ 1834ರ ಸುಮಾರಿಗೆ ಎರಡು ದಾರದ ಲಾಕ್‌ಸ್ಟಿಚ್ ಮೆಷಿನ್ ಮಾಡಿ, ಪೇಟೆಂಟ್ ತಗೊಳ್ಳದೆ ಬಿಟ್ಟ. ಇದೇ ಹಂಟ್ ಮುಂದೆ ಸೇಫ್ಟಿ ಪಿನ್ ಕಂಡುಹಿಡಿದು 400 ಡಾಲರಿಗೆ ಮಾರಿದವನು. ಆಮೇಲೆ ಎಲಿಯಾಸ್ ಹೋವ್. ತುದಿಯಲ್ಲಿ ಕಣ್ಣಿರುವ ಸೂಜಿ ಮತ್ತು ಶಟಲ್ ಸೇರಿಸಿ 1846ರಲ್ಲಿ ಪೇಟೆಂಟ್ ಪಡೆದ. ಬಾಸ್ಟನ್‌ನಲ್ಲಿ ಕೈಹೊಲಿಗೆಯ ಐದು ಜನ ಹೆಂಗಸರ ಜೊತೆ ಪಂದ್ಯ ಕಟ್ಟಿ ಗೆದ್ದರೂ ಒಂದು ಮೆಷಿನ್ನೂ ಮಾರಾಟ ಆಗಲಿಲ್ಲ. ಇಂಗ್ಲೆಂಡಿಗೆ ಹೋಗಿ, ಅಲ್ಲೂ ಸೋತು, 1849ರಲ್ಲಿ ಬರಿಗೈಲಿ ವಾಪಸ್ ಬಂದಾಗ ಹೆಂಡತಿ ಸಾಯುವ ಸ್ಥಿತಿಯಲ್ಲಿದ್ದಳು.

ಹೋವ್ ಕೋರ್ಟಿಗೆ ಹೋದ. ಹಂಟ್ ಮೊದಲೇ ಮಾಡಿದ್ದ ಅಂತ ಸಿಂಗರ್ ಕಡೆಯವರು ವಾದಿಸಿದರು, ನಡೆಯಲಿಲ್ಲ. 1854ರಲ್ಲಿ ಸಿಂಗರ್ 15,000 ಡಾಲರ್ ಕೊಟ್ಟು ರಾಜಿ ಆಗಬೇಕಾಯ್ತು. ಆಗ ಹೊಲಿಗೆ ಮೆಷಿನ್‌ನ ಒಂದೊಂದು ಭಾಗದ ಪೇಟೆಂಟ್ ಒಬ್ಬೊಬ್ಬರ ಕೈಲಿತ್ತು, ಎಲ್ಲರೂ ಎಲ್ಲರ ಮೇಲೂ ಕೇಸ್ ಹಾಕ್ತಿದ್ದರು. 1856ರಲ್ಲಿ ಮೂರು ಕಂಪನಿಗಳು ಮತ್ತು ಹೋವ್ ಒಂದು ಒಪ್ಪಂದಕ್ಕೆ ಬಂದು ಪೇಟೆಂಟ್‌ಗಳನ್ನ ಒಂದೇ ಬುಟ್ಟಿಗೆ ಹಾಕಿದರು. ಮೆಷಿನ್ ಮಾಡುವವರೆಲ್ಲಾ ಆ ಬುಟ್ಟಿಗೆ ಶುಲ್ಕ ಕಟ್ಟಬೇಕು, ಅದನ್ನ ಇವರು ಹಂಚಿಕೊಳ್ಳಬೇಕು. ಇವತ್ತು ಮೊಬೈಲ್ ಕಂಪನಿಗಳು ಮಾಡ್ಕೊಳ್ಳುವ ಪೇಟೆಂಟ್ ಪೂಲ್‌ಗಳ ಮುತ್ತಜ್ಜ ಇದು. ಹೋವ್ ಕೂಡ ಇದರಿಂದ ಶ್ರೀಮಂತನಾದ.

ಪೇಟೆಂಟ್ ಇದ್ದವರಿಗೆ ಕೋರ್ಟ್ ಇತ್ತು, ಪಾಲು ಸಿಕ್ಕಿತು. ಪೇಟೆಂಟ್ ಕಾಗದದಲ್ಲಿ ಹೆಸರಿಲ್ಲದವರ ಕತೆ ಬೇರೆ. ಜಾಗ ಕೊಟ್ಟ ಫೆಲ್ಪ್ಸ್‌ನ ಪಾಲನ್ನ ಬೇಗನೆ ಕೊಂಡು ಹೊರಗೆ ಕಳಿಸಿದರು. 40 ಡಾಲರ್ ಕೊಟ್ಟ ಝೀಬರ್ 1851ರ ಕೊನೆಗೆ ಕಾಯಿಲೆ ಬಿದ್ದಾಗ, ಅವನು ಬದುಕಲ್ಲ ಅಂತ ವೈದ್ಯರು ಹೇಳಿದ್ದಾರೆ ಎಂದು ಸಿಂಗರ್ ಹೆದರಿಸಿ, 6,000 ಡಾಲರಿಗೆ ಅವನ ಪಾಲು ಬರೆಸಿಕೊಂಡ ಅಂತ ಝೀಬರ್ ಆಮೇಲೆ ಬರೆದಿಟ್ಟಿದ್ದಾನೆ. ಝೀಬರ್ ಬದುಕಿದ, ಕಂಪನಿ ಬೆಳೆಯೋದನ್ನ ಹೊರಗಿಂದ ನೋಡಿದ.

ಉಳಿದವನು ಎಡ್ವರ್ಡ್ ಕ್ಲಾರ್ಕ್ ಅನ್ನೋ ವಕೀಲ. ಮೆಷಿನ್ ಬೆಲೆ 100 ಡಾಲರಿಗಿಂತ ಮೇಲಿತ್ತು, ಸಾಮಾನ್ಯ ಕುಟುಂಬದ ವರ್ಷದ ಆದಾಯ 500 ಡಾಲರಿನ ಸುಮಾರು. 1856ರಲ್ಲಿ ಕ್ಲಾರ್ಕ್ ಕಂತಿನ ಮಾರಾಟ ಶುರು ಮಾಡಿದ: ಮೊದಲು ಸ್ವಲ್ಪ ಕೊಟ್ಟು ಮೆಷಿನ್ ಮನೆಗೆ ಒಯ್ಯಿರಿ, ಉಳಿದದ್ದು ತಿಂಗಳು ತಿಂಗಳು ಕಟ್ಟಿ. ನಾವು ಫೋನ್ ತಗೊಳ್ಳುವ ಇಎಂಐ ಇದರದೇ ಮರಿಮಗು. ಸಿಂಗರ್ ಮಾತ್ರ ನಾಟಕದವನೇ. ಜಾತ್ರೆ, ಪ್ರದರ್ಶನಗಳಲ್ಲಿ ಮೆಷಿನ್ ತೋರಿಸಿ ಜನ ಸೇರಿಸುವುದರಲ್ಲಿ ಅವನ ಸಮ ಯಾರೂ ಇರಲಿಲ್ಲ.

ಮನೆಯ ವಿಷಯದಲ್ಲೂ ಅವನದು ಹಲವು ಪಾತ್ರ. ಒಂದೇ ಊರಲ್ಲಿ ಬೇರೆ ಬೇರೆ ಹೆಸರಲ್ಲಿ ಬೇರೆ ಬೇರೆ ಸಂಸಾರ ಇಟ್ಟಿದ್ದ. ಐದು ಜನ ಹೆಂಗಸರಿಂದ 20ಕ್ಕೂ ಹೆಚ್ಚು ಮಕ್ಕಳು. ನಾಟಕ ಕಂಪನಿಯ ಕಾಲದಿಂದ ಕಷ್ಟಕ್ಕೆಲ್ಲಾ ಜೊತೆಗಿದ್ದ ಮೇರಿ ಆನ್ ಸ್ಪಾನ್ಸ್ಲರ್ 1860ರಲ್ಲಿ ನ್ಯೂಯಾರ್ಕಿನ ಬೀದಿಯಲ್ಲೇ ಅವನನ್ನ ಇನ್ನೊಬ್ಬಳ ಜೊತೆ ಗಾಡಿಯಲ್ಲಿ ಹಿಡಿದಳು. ಕೇಸು, ಬಂಧನ, ಪತ್ರಿಕೆಗಳಲ್ಲಿ ಸುದ್ದಿ. ಸಿಂಗರ್ ಯುರೋಪಿಗೆ ಓಡಿದ. 1863ರಲ್ಲಿ ಪಾಲುದಾರಿಕೆ ಮುಗಿದು ಸಿಂಗರ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ ಆಯ್ತು. ಅವನ ಕೈಯಲ್ಲಿ ಷೇರು ಉಳಿಯಿತು, ಮೆಷಿನ್ ಮೇಲೆ ಹೆಸರು ಉಳಿಯಿತು. ಇಂಗ್ಲೆಂಡಿನ ಪೇಂಟನ್ ಅನ್ನೋ ಕಡಲತೀರದ ಊರಲ್ಲಿ ಬಂಗಲೆ ಕಟ್ಟಿಸುತ್ತಾ, ಅದು ಮುಗಿಯುವ ಮುಂಚೆಯೇ 1875ರ ಜುಲೈ 23ರಂದು ತೀರಿಕೊಂಡ.

ಈ ಮನುಷ್ಯನ ಬಗ್ಗೆ ಗಾಂಧೀಜಿ ಒಂದು ಒಳ್ಳೆಯ ಮಾತು ಆಡಿದ್ದಾರೆ. 1924ರಲ್ಲಿ ಯಂತ್ರಗಳ ಬಗ್ಗೆ ಮಾತಾಡುತ್ತಾ ಸಿಂಗರ್ ಮೆಷಿನ್‌ಗೆ ವಿನಾಯಿತಿ ಕೊಟ್ಟರು. ಕೈಯಲ್ಲಿ ಹೊಲಿದು ಸುಸ್ತಾಗುವ ಹೆಂಡತಿ ಮೇಲಿನ ಪ್ರೀತಿಯಿಂದ ಸಿಂಗರ್ ಇದನ್ನ ಮಾಡಿದ ಅಂತ ಅವರು ನಂಬಿದ್ದರು. ಇಂಥ ಮೆಷಿನ್ ಮಾಡುವ ಕಾರ್ಖಾನೆ ಸರ್ಕಾರದ ಕೈಲಿರಬೇಕು ಅಂತಲೂ ಸೇರಿಸಿದ್ದರು. ಹೆಂಡತಿಯ ಕತೆ ಸಿಂಗರ್‌ಗಿಂತ ಹೋವ್ ಬದುಕಿಗೆ ಹತ್ತಿರ. ಅವನು ಕೆಲಸ ಮಾಡಲಾಗದೆ ಇದ್ದಾಗ ಹೆಂಡತಿ ರಾತ್ರಿಯೆಲ್ಲಾ ಹೊಲಿದು ಮನೆ ನಡೆಸಿದ್ದಳು. ಪ್ರೀತಿಯ ಕತೆಯೂ ಕೊನೆಗೆ ಮೆಷಿನ್ ಮೇಲೆ ಯಾರ ಹೆಸರಿತ್ತೋ ಅವನಿಗೇ ಸೇರಿಹೋಯ್ತು.

ಇದನ್ನೆಲ್ಲಾ ಓದಿದ ಮೇಲೆ ನಮ್ಮ ನಾಲ್ವರ ಮಧ್ಯೆ ಒಂದು ಜಗಳ ಎದ್ದಿತು. ಪ್ರಾಜೆಕ್ಟ್ ವರದಿಯ ಮೊದಲ ಪುಟದಲ್ಲಿ ಹೆಸರಿನ ಪಕ್ಕ ಯುಎಸ್ಎನ್ ಬರೆಯುವ ಖಾನೆ ಇದೆ. ಯುಎಸ್ಎನ್ ಇರೋದು ನಮಗೆ ನಾಲ್ವರಿಗೆ. ಪಟ್ಟಿಯ ತುದಿಯ ಹೊಲಿಗೆ ಹೇಗಿರಬೇಕು ಅಂತ ಹೇಳಿದ್ದು, ಹಳೇ ಮೆಷಿನ್‌ನ ಟೆನ್ಷನ್ ಕೂರಿಸಿಕೊಟ್ಟಿದ್ದು ಅಕ್ಕ. ಅಂಗಡಿಯವರಿಗೆ ಥ್ಯಾಂಕ್ಸ್ ಪುಟ ಸಾಕು ಅಂತ ಇಬ್ಬರು ಅಂದರು. ನಾವೇನು ಸಿಂಗರ್ರಾ ಅಂತ ಇನ್ನಿಬ್ಬರು ಅಂದರು. ಕೊನೆಗೆ ಹೊಲಿಗೆಯ ವಿನ್ಯಾಸ ಅನ್ನೋ ಅಧ್ಯಾಯದ ತಲೆಬರಹದ ಕೆಳಗೆ, ನಮ್ಮ ಹೆಸರುಗಳಿಗಿಂತ ಮೇಲೆ ಅವರ ಹೆಸರು ಹಾಕೋದು ಅಂತ ಆಯ್ತು. ಮ್ಯಾಗಜೀನ್‌ನಲ್ಲಿ ಬೇಡ ಕಣ್ರೋ ಅಂದಿದ್ದಕ್ಕೆ ಇಲ್ಲಿ ಬರೆದಿಲ್ಲ. ಸ್ಯಾಂಪಲ್ ಹೊಲಿಗೆಗೆ 20 ಕಿಲೋ ತೂಗು ಹಾಕಿ ಎರಡು ದಿನ ಬಿಟ್ಟಿದ್ವಿ, ಬಿಚ್ಚಲಿಲ್ಲ. ಬ್ಯಾಗಿನ ಸೊಂಟದ ಬೆಲ್ಟ್ ಇನ್ನೂ ಬಾಕಿ ಇದೆ. ಅದೂ ಮುಗಿದರೆ ಮಳೆ ಶುರುವಾಗುವ ಮುಂಚೆ ಸುಬ್ರಹ್ಮಣ್ಯದ ಬಸ್ ಹತ್ತೋದು.